ಹಿಂದಿನವರ ದೋಷ, ಇಂದಿನವರ ಹೊಣೆ

ಕಳೆದ ಕಾಲದ ಜನರನ್ನು ಈ ಕಾಲದ ಧರ್ಮದ ಅಳತೆಗೋಲಿನಿಂದ ಅಳೆಯಬಹುದೆ? ಅಳೆದರೆ ಅವರಿಗೆ ಅನ್ಯಾಯವಾದೀತು. ಅಳೆಯದಿದ್ದರೆ ಅಧರ್ಮಕ್ಕೆ ನಾವೇ ಸಮ್ಮತಿಯಿತ್ತಂತಾದೀತು. ಐತಿಹಾಸಿಕ ಕಾದಂಬರಿಕಾರನಿಗೆ ಈ ಸಂಕಟವು ತಪ್ಪಿದ್ದಲ್ಲ. ಸ್ವೀಡನ್ ದೇಶದ ಫ್ರಾನ್ಸ್ ಬೆಂಗ್ಟ್‌ಸನ್ (೧೮೯೪–೧೯೫೪) ಇದನ್ನು ಎದುರಿಸಿದ ಬಗೆಯು ವಿಚಾರಯೋಗ್ಯವಾದುದು.

ದಕ್ಷಿಣ ಸ್ವೀಡನ್ನಿನ ಸ್ಕೋನೆ ಪ್ರಾಂತದಲ್ಲಿ ಹುಟ್ಟಿ, ಲುಂಡ್ ವಿಶ್ವವಿದ್ಯಾನಿಲಯದಲ್ಲಿ ಓದಿದ ಈತನು ಮೊದಲು ಕವಿತೆಗಳನ್ನೂ ಬಳಿಕ ಪ್ರಬಂಧಗಳನ್ನೂ ಬರೆದನು. ೧೯೩೫–೩೬ರಲ್ಲಿ ಹನ್ನೆರಡನೆಯ ಚಾರ್ಲ್ಸ್ ದೊರೆಯ ಚರಿತ್ರೆಯು ಹೊರಬಂದಿತು. ಆದರೆ ಅವನ ಹೆಸರನ್ನು ಲೋಕಕ್ಕೆ ತಿಳಿಸಿದುದು ೧೯೪೧ ಮತ್ತು ೧೯೪೫ರಲ್ಲಿ ಎರಡು ಭಾಗಗಳಾಗಿ ಪ್ರಕಟವಾದ ‘ರೋಡೆ ಓರ್ಮ್’ ಎಂಬ ಕಾದಂಬರಿ.

ಕಥೆಯ ಕಾಲವು ಕ್ರಿಸ್ತಶಕ ೧೦೦೦ದ ಆಸುಪಾಸು. ತರುಣ ಓರ್ಮನು ವೈಕಿಂಗರಿಗೆ ಸೆರೆಸಿಕ್ಕಿ, ಆಮೇಲೆ ಅವರೊಡನೆಯೇ ಸೂರೆಗೆ ಹೊರಡುತ್ತಾನೆ. ಸ್ಪೇನಿನ ಮುಸಲ್ಮಾನರ ಹಡಗಿನಲ್ಲಿ ದಾಸನಾಗಿ ಹುಟ್ಟುಹಾಕುತ್ತಾನೆ. ಕಾರ್ಡೋವದ ಅಲ್‌ಮನ್ಸೂರನ ಸೇವೆಮಾಡಿ ಊರಿಗೆ ಮರಳುತ್ತಾನೆ. ಈ ಜನಕ್ಕೆ ಕೊಳ್ಳೆಯೆಂಬುದು ಬೇಸಾಯದಂತೆ ಒಂದು ಋತುವಿನ ಕೆಲಸ. ಗ್ರಂಥಕರ್ತನು ಅವರನ್ನು ನಿಂದಿಸುವುದಿಲ್ಲ, ದೇವತೆಗಳನ್ನಾಗಿಯೂ ಮಾಡುವುದಿಲ್ಲ, ಮೆಲ್ಲಗೆ ನಗುತ್ತಾನೆ. ಕತ್ತಿಗೆ ಅಂಜದ ಓರ್ಮನು ಸಣ್ಣದೊಂದು ಬೇನೆಗೆ ಕಂಗೆಡುತ್ತಾನೆ!

ಹಾಗಾದರೆ ಸೂರೆಗೊಳಗಾದವರ ಗೋಳನ್ನು ಕೇಳುವವರಾರು? ಆಕ್ಷೇಪವು ಹಗುರವಾದುದಲ್ಲ. ಆದರೆ ಕೊಳ್ಳೆಹೊಡೆದವನ ಕಾಲಿಗೇ ಸಂಕೋಲೆ ಬೀಳುವುದನ್ನು ಕಥೆಯು ಮರೆಮಾಡುವುದಿಲ್ಲ. ಉಪದೇಶವಿಲ್ಲ, ಫಲವು ಮಾತ್ರ ಕಣ್ಣಮುಂದಿದೆ.

ಈ ಸಹನೆಯು ನೀತಿಯ ಔದಾಸೀನ್ಯವಲ್ಲವೆಂಬುದಕ್ಕೆ ಅವನ ನಡತೆಯೇ ಸಾಕ್ಷಿ. ಆ ವರ್ಷಗಳಲ್ಲಿ ಜರ್ಮನಿಯ ನಾಜಿಗಳು ಪ್ರಾಚೀನ ಉತ್ತರದೇಶದವರ ಹೆಸರನ್ನು ಜನಾಂಗಮದದ ಬಾವುಟವಾಗಿ ಮಾಡಿಕೊಂಡಿದ್ದರು. ೧೯೪೦ರಲ್ಲಿ ನಾರ್ವೆಯು ಅವರ ವಶವಾಯಿತು. ಅಲ್ಲಿ ತನ್ನ ಕೃತಿಯ ಅನುವಾದಕ್ಕೆ ಒಪ್ಪಿಗೆ ಕೇಳಿದಾಗ ಬೆಂಗ್ಟ್‌ಸನ್ ಕೊಡಲಿಲ್ಲ. ನಾಜಿಗಳು ತೊಲಗುವವರೆಗೂ ಆಗದೆಂದನು. ಸಾವಿರ ವರ್ಷದ ಹಿಂದಿನ ದರೋಡೆಗಾರರೊಡನೆ ನಕ್ಕವನು ಕಣ್ಣೆದುರಿನ ದರೋಡೆಗಾರರೊಡನೆ ರಾಜಿಯಾಗಲಿಲ್ಲ.

ಇದರಲ್ಲಿ ವಿರೋಧವುಂಟೆ? ಇಲ್ಲವೆಂದೇ ತೋರುತ್ತದೆ. ಸತ್ತವರು ನಮ್ಮ ಬೈಗುಳದಿಂದ ತಿದ್ದಿಕೊಳ್ಳಲಾರರು. ಅವರಿಗೆ ನಾವು ಸಲ್ಲಿಸಬಹುದಾದುದು ಯಥಾರ್ಥವಾದ ತಿಳಿವಳಿಕೆಯೊಂದೇ. ಇಂದಿನ ಅನ್ಯಾಯವನ್ನಾದರೋ ತಡೆಯಬಹುದು. ಆದುದರಿಂದ ಅಲ್ಲಿ ತೀರ್ಪು ಕೊಡುವುದೂ ಅದಕ್ಕೆ ತಕ್ಕ ನಷ್ಟವನ್ನು ಸಹಿಸುವುದೂ ಕರ್ತವ್ಯ. ನಾವು ಬಹುಮಟ್ಟಿಗೆ ಇದನ್ನು ತಲೆಕೆಳಗು ಮಾಡುತ್ತೇವೆ: ಪೂರ್ವಿಕರ ವಿಷಯದಲ್ಲಿ ನಿಷ್ಠುರರು, ನೆರೆಯ ಬಲಶಾಲಿಯ ವಿಷಯದಲ್ಲಿ ಕ್ಷಮಾಶೀಲರು. ಮೊದಲನೆಯದಕ್ಕೆ ಖರ್ಚಿಲ್ಲ, ಎರಡನೆಯದರಿಂದ ಲಾಭವೂ ಉಂಟು.