ಪಕ್ಕದ ದೋಣಿಯಲ್ಲಿ ಇರುವವರು

ವಾಕ್ಯಭಾಗ: ಮಾರ್ಕ 4:35–41; ಧರ್ಮೋಪದೇಶಕಾಂಡ 22:8

ಹಿಂದೆ ನಿಂತಿರೋರು ದಯವಿಟ್ಟು ಮುಂದೆ ಬನ್ನಿ, ಇಲ್ಲಿ ಕುರ್ಚಿಗಳಿವೆ. ಮಳೆ ಜೋರಾದ್ರೆ ಈ ಶೀಟ್ ಸದ್ದಿನಲ್ಲಿ ನನ್ನ ಮಾತು ಹಿಂದೆ ಕೇಳಿಸೋದಿಲ್ಲ.

ಇವತ್ತು ಮಾರ್ಕನ ಸುವಾರ್ತೆ 4ನೇ ಅಧ್ಯಾಯ ಓದಿದ್ವಿ. ಯೇಸು ಬಿರುಗಾಳಿಯನ್ನು ಶಾಂತ ಮಾಡಿದ ಭಾಗ. ಸಂಡೇ ಸ್ಕೂಲಿಂದ ಕೇಳಿದ್ದೀವಿ, ಗೊತ್ತಿರೋ ಕಥೆ ಅಂತ ಮೊಬೈಲ್ ತೆಗೀಬೇಡಿ. ಇದರೊಳಗೆ ಒಂದು ಮಾತು ನಾನು ಬೈಬಲ್ ಕಾಲೇಜಿನಲ್ಲಿ ಪರೀಕ್ಷೆ ಬರೆದಾಗಲೂ ಗಮನಿಸಿರಲಿಲ್ಲ. ಅದು ನನ್ನ ಕಣ್ಣಿಗೆ ಬೀಳೋಕೆ ನಮ್ಮ ಬೀದಿಗೆ ನೀರು ನುಗ್ಗಬೇಕಾಯ್ತು. ಅದನ್ನು ಹೇಳೋಕೆ ಮುಂಚೆ ಒಂದು ಅರಿಕೆಯನ್ನೂ ಮಾಡಬೇಕು.

2022ರ ಮಳೆಗಾಲ ನಿಮಗೆ ನೆನಪಿರಬೇಕು. ನಮ್ಮ ಅಮಾನಿಕೆರೆ ತುಂಬಿ ಕೋಡಿ ಹರಿದ ವರ್ಷ. ಪಕ್ಕದ ಚಿತ್ರದುರ್ಗ ಜಿಲ್ಲೆಯಲ್ಲಿ ವಾಣಿವಿಲಾಸ ಸಾಗರ 1933ರ ನಂತರ, ಅಂದ್ರೆ 89 ವರ್ಷ ಆದಮೇಲೆ ಕೋಡಿ ಬಿತ್ತು ಅಂತ ಜನ ಗಾಡಿ ಮಾಡ್ಕೊಂಡು ನೋಡೋಕೆ ಹೋದ್ರು. ಬೆಂಗಳೂರಲ್ಲಿ ಸೆಪ್ಟೆಂಬರ್ 4ರ ರಾತ್ರಿ ಸುಮಾರು 130 ಮಿಲಿಮೀಟರ್ ಮಳೆ ಸುರಿದು, ಹೊರವರ್ತುಲ ರಸ್ತೆಯಲ್ಲಿ ಐಟಿ ಕಂಪನಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ್ರು. ನಿಮ್ಮಲ್ಲಿ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರೋರು ಅದನ್ನೆಲ್ಲಾ ಕಣ್ಣಾರೆ ನೋಡಿದ್ದೀರಿ.

ಆಗ ನಾವು ಶಿರಾ ಗೇಟಿನಿಂದ ಸ್ವಲ್ಪ ಒಳಗೆ ಬಾಡಿಗೆ ಮನೆಯಲ್ಲಿದ್ವಿ. ನೆಲ ಅಂತಸ್ತು. ಮಗಳಿಗೆ ನಾಲ್ಕು ವರ್ಷ, ಮಗನಿಗೆ ಎಂಟು ತಿಂಗಳು. ನನ್ನ ಊರು ಗುಬ್ಬಿ ತಾಲೂಕು, ನನ್ನ ಹೆಂಡತಿಯದು ಕುಣಿಗಲ್ ಕಡೆ. ಆ ದಿನಗಳಲ್ಲಿ ಊರಿಂದ ಅಪ್ಪ ಫೋನ್ ಮಾಡಿದ್ರೆ ಧ್ವನಿಯಲ್ಲೇ ಹಬ್ಬ. "ಕೆರೆ ತುಂಬ್ತು ಕಣಪ್ಪಾ, ಇವತ್ತೋ ನಾಳೆಯೋ ಕೋಡಿ ಬೀಳುತ್ತೆ" ಅಂತಾರೆ. ಕುಣಿಗಲ್‌ನಿಂದ ಅತ್ತೆದೂ ಅದೇ ಸಂತೋಷ. ಕೆರೆಯ ಮೇಲೆ ಜನಪದ ಹಾಡು ಕಟ್ಟಿದ ಊರು ಅದು, ಅವರಿಗೆ ಕೆರೆ ತುಂಬೋದು ಅಂದ್ರೆ ಸುಮ್ಮನೆ ಅಲ್ಲ. ನಾನು ಮಾತ್ರ ಇಲ್ಲಿ ಕಿಟಕಿ ಹತ್ತಿರ ನಿಂತು, "ಸಾಕು ಕರ್ತನೇ, ನಿಲ್ಲಿಸು" ಅಂತಿದ್ದೆ. ಒಂದೇ ಮಳೆ, ಅಪ್ಪನಿಗೆ ಸ್ತೋತ್ರ, ಮಗನಿಗೆ ಭಯ.

ಅವತ್ತು ಶನಿವಾರ. ಸಂಜೆ ಶುರುವಾದ ಮಳೆ ನಿಲ್ಲಲೇ ಇಲ್ಲ. ಹತ್ತು ಗಂಟೆಗೆ ಕರೆಂಟ್ ಹೋಯ್ತು. ಮಗನಿಗೆ ನೆಗಡಿ, ಅಳು ನಿಲ್ಲಿಸ್ತಿಲ್ಲ. ಬಿಸಿನೀರು ಫ್ಲಾಸ್ಕಿನಲ್ಲಿ ಎಷ್ಟಿತ್ತೋ ಅಷ್ಟೇ. ಮಗಳು ಮೊಬೈಲ್ ಟಾರ್ಚ್ ಬೆಳಕಲ್ಲಿ ಕಾಗದದ ದೋಣಿ ಮಾಡ್ತಾ ಕೂತಿದ್ದಾಳೆ. ಯಾವ ಕಾಗದ ಅಂತ ನೋಡಿದ್ರೆ, ಮಾರನೇ ದಿನದ ನನ್ನ ಪ್ರಸಂಗದ ನೋಟ್ಸ್! ಮೂರು ಪಾಯಿಂಟೂ ದೋಣಿ ಆಗಿಹೋಗಿದ್ವು. ಆಮೇಲೆ ಅನ್ನಿಸ್ತು, ಆ ಪ್ರಸಂಗಕ್ಕೆ ಅದೇ ಸರಿಯಾದ ಗತಿ ಅಂತ.

ಹನ್ನೊಂದೂವರೆಗೆ ಬೀದಿಯಲ್ಲಿ ನೀರು ಏರೋಕೆ ಶುರುವಾಯ್ತು. ನಾನು ಗೇಟಿನ ಹತ್ತಿರ ಇಟ್ಟಿಗೆ ಜೋಡಿಸಿದೆ, ಮರಳಿನ ಚೀಲ ಇಟ್ಟೆ, ಬಾಗಿಲ ಸಂದಿಗೆ ಬೆಡ್‌ಶೀಟ್ ತುರುಕಿದೆ. ಆಮೇಲೆ ಹಾಲ್‌ನಲ್ಲಿ ಮೊಣಕಾಲೂರಿ ಪ್ರಾರ್ಥನೆ ಶುರು ಮಾಡಿದೆ. ಜೋರಾಗಿ. ನಮ್ಮ ಪ್ರಾರ್ಥನೆ ನಿಮಗೆ ಗೊತ್ತಲ್ಲ, ಮಳೆಗಿಂತ ಜೋರು. ನೀರನ್ನು ಗದರಿಸಿದೆ. "ಈ ಹೊಸ್ತಿಲು ದಾಟಬಾರದು" ಅಂತ ಆಜ್ಞೆ ಕೊಟ್ಟೆ. ಅನ್ಯಭಾಷೆಯಲ್ಲಿ ಪ್ರಾರ್ಥಿಸಿದೆ.

ಪ್ರಿಯರೇ, ಅರಿಕೆ ಇಲ್ಲಿಂದ ಶುರು. ನಾನು ಅನ್ಯಭಾಷೆಯಲ್ಲಿ ಪ್ರಾರ್ಥಿಸ್ತಿದ್ದಾಗ ಪಕ್ಕದ ಮನೆಯವರು ಕನ್ನಡದಲ್ಲಿ ಕೂಗ್ತಿದ್ರು. ಮಳೆ ಸದ್ದಿನಲ್ಲಿ ಕೇಳಿಸಲಿಲ್ಲ ಅಂತ ಬಹಳ ದಿನ ಹೇಳ್ಕೊಂಡು ಓಡಾಡಿದೆ. ಪುಲ್ಪಿಟ್ ಮುಂದೆ ನಿಂತಿದ್ದೀನಿ, ಸತ್ಯ ಹೇಳ್ತೀನಿ. ಕೇಳಿಸ್ತು. ಮೊದಲನೇ ಸಲವೇ ಕೇಳಿಸ್ತು. ಬಾಗಿಲು ತೆಗೆದ್ರೆ, ಇಟ್ಟಿಗೆ ಸರಿಸಿದ್ರೆ ನೀರು ಒಳಗೆ ಬರುತ್ತಲ್ಲ, ಒಳಗೆ ಎಂಟು ತಿಂಗಳ ಮಗು ಇದೆಯಲ್ಲ ಅಂತ ಲೆಕ್ಕ ಹಾಕ್ತಾ ಇನ್ನೂ ಜೋರಾಗಿ ಪ್ರಾರ್ಥಿಸಿದೆ.

ಬಾಗಿಲು ತೆಗೆದದ್ದು ನನ್ನ ಹೆಂಡತಿ. ಏನೂ ಮಾತಾಡಲಿಲ್ಲ. ಮಗನನ್ನು ನನ್ನ ಕೈಗೆ ಕೊಟ್ಟಳು, ಸೀರೆ ಎತ್ತಿ ಸಿಕ್ಕಿಸಿಕೊಂಡು ಹೊರಗೆ ಹೋದಳು. ಪಕ್ಕದ ಮನೆಯ ಎರಡು ಮಕ್ಕಳನ್ನು ಒಂದೊಂದಾಗಿ ಇಟ್ಟಿಗೆ ಮೇಲಿಂದ ಎತ್ತಿ ಒಳಗೆ ದಾಟಿಸಿದಳು. ಹಿಂದೆ ಅವರ ತಾಯಿ ಬಂದ್ರು, ತಂದೆ ಬಂದ್ರು. ಅವರ ಮನೆಯಲ್ಲಿ ಮೊಣಕಾಲುದ್ದ ನೀರು. ಅಕ್ಕಿ ಚೀಲ, ಮಕ್ಕಳ ಪುಸ್ತಕ, ಅವರ ಹೊಲಿಗೆ ಯಂತ್ರದ ಮೋಟಾರು, ಎಲ್ಲಾ ನೀರಲ್ಲಿ. ಆ ರಾತ್ರಿ ನಮ್ಮ ಒಂದೇ ಮಂಚದ ಮೇಲೆ ನಾಲ್ಕು ಮಕ್ಕಳು ಅಡ್ಡಡ್ಡ ಮಲಗಿದ್ರು. ಬೆಳಗಿನ ಜಾವಕ್ಕೆ ಮಳೆ ನಿಂತಿತು. ನಮ್ಮ ಮನೆಗೆ ನೀರು ಬರಲಿಲ್ಲ.

ಬೆಳಿಗ್ಗೆ ಸಭೆಗೆ ಬಂದು ನಾನು ಏನು ಮಾಡಿದೆ? ಸಾಕ್ಷಿ ಹೇಳಿದೆ. "ಬೀದಿ ತುಂಬಾ ನೀರು, ಆದರೆ ನನ್ನ ಮನೆಯೊಳಗೆ ಒಂದು ಹನಿ ಬರಲಿಲ್ಲ. ನಮ್ಮ ದೇವರು ಜೀವಿಸುವ ದೇವರು!" ಅಂದೆ. ಎಲ್ಲರೂ ಹಲ್ಲೆಲೂಯ ಅಂದ್ರು. ವಾಟ್ಸ್ಆಪ್ ಸ್ಟೇಟಸ್ಸೂ ಹಾಕಿದೆ, ಒಣಗಿದ ನೆಲದ ಫೋಟೋ ಸಮೇತ.

ಮನೆಗೆ ಹೋಗ್ತಾ ಸ್ಕೂಟರ್ ಮುಂದೆ ನಿಂತಿದ್ದ ಮಗಳು ಕೇಳಿದಳು: "ಅಪ್ಪಾ, ಯೇಸಪ್ಪ ಆಂಟಿ ಮನೆಗೆ ಯಾಕೆ ಹೋಗಲಿಲ್ಲ?"

ನಾನು ಥಿಯಾಲಜಿ ಓದಿದ್ದೀನಿ. ನನ್ನ ಹತ್ತಿರ ಡಿಪ್ಲೊಮಾ ಇದೆ. ಬಾಯಲ್ಲಿ ಉತ್ತರ ಇರಲಿಲ್ಲ.

ಉತ್ತರ ಅವತ್ತೇ ಮಧ್ಯಾಹ್ನ ಸಿಕ್ತು. ಬೀದಿಯ ಗಂಡಸರೆಲ್ಲಾ ಸೇರಿ, ನೀರು ಎಲ್ಲಿ ಕಟ್ಟಿಕೊಂಡಿದೆ ಅಂತ ಚರಂಡಿಯ ಕಲ್ಲು ಎತ್ತಿ ನೋಡ್ತಾ ಬಂದ್ರು. ನಮ್ಮ ಗೇಟಿನ ಮುಂದೆ ಬಂದು ನಿಂತ್ರು. ಹಿಂದಿನ ವರ್ಷ ಸ್ಕೂಟರ್ ಹತ್ತಿಸೋಕೆ ಸುಲಭ ಆಗಲಿ ಅಂತ ನಾನು ಚರಂಡಿ ಮೇಲೆ ಚಪ್ಪಡಿ ಹಾಕಿಸಿ, ಅದರ ಮೇಲೆ ಸಿಮೆಂಟ್ ಇಳಿಜಾರು ಮಾಡಿಸಿದ್ದೆ. ಅದನ್ನು ಹಾರೆಯಿಂದ ಒಡೆದರು. ಕೆಳಗೆ ಅರ್ಧ ಚರಂಡಿಯನ್ನು ನನ್ನ ಸಿಮೆಂಟೇ ನುಂಗಿತ್ತು. ಉಳಿದ ಅರ್ಧದಲ್ಲಿ ಪ್ಲಾಸ್ಟಿಕ್, ತೆಂಗಿನ ಚಿಪ್ಪು, ಕೊನೆಗೆ ಡೈಪರ್. ನನ್ನ ಮಗನವೇ. ಕಸದ ಆಟೋ ತಪ್ಪಿದ ದಿನ ನಾನು ಗಂಟು ಕಟ್ಟಿ ಗೇಟಿನ ಹೊರಗೆ ಇಡ್ತಿದ್ದೆ, ನಾಯಿ ಎಳೀತಿದ್ವು. ನೀರಿನಲ್ಲಿ ಊದಿದ ಡೈಪರ್ ಒಂದೊಂದೂ ಒಂದೊಂದು ದಿಂಬಿನ ಹಾಗೆ ಕೂತಿತ್ತು.

ನೀರು ಬಂದು ನನ್ನ ಗೇಟಿನ ಹತ್ತಿರ ನಿಲ್ತು, ಮುಂದೆ ಹೋಗೋಕೆ ದಾರಿ ಇಲ್ಲ, ಪಕ್ಕದ ಮನೆ ನಮ್ಮದಕ್ಕಿಂತ ಒಂದಡಿ ತಗ್ಗು, ಅಲ್ಲಿಗೆ ತಿರುಗ್ತು. ಅಷ್ಟೇ. ನನ್ನ ಒಣನೆಲ ಅದ್ಭುತವಲ್ಲ. ಅದರಲ್ಲಿ ಪಕ್ಕದ ಮನೆಯವರ ಪಾಲೂ ಇತ್ತು.

ಈಗ ವಾಕ್ಯಕ್ಕೆ ಬನ್ನಿ. ಮಾರ್ಕ 4, ವಚನ 36. ಸಂಜೆ ಆಗಿದೆ, ಶಿಷ್ಯರು ಯೇಸುವನ್ನು ಇದ್ದ ಹಾಗೆಯೇ ದೋಣಿಯಲ್ಲಿ ಕರೆದುಕೊಂಡು ಹೊರಟರು. ಅದೇ ವಚನದ ಕೊನೆಗೆ ಮಾರ್ಕನು ಇನ್ನೊಂದು ವಿಷಯ ಸೇರಿಸ್ತಾನೆ: ಆತನ ಜೊತೆಗೆ ಬೇರೆ ದೋಣಿಗಳೂ ಇದ್ದವು ಅಂತ. ಆಮೇಲೆ ಆ ದೋಣಿಗಳ ಸುದ್ದಿಯೇ ಇಲ್ಲ. ಗಾಳಿ ಬಂತು, ಅಲೆ ಬಂತು, ದೋಣಿ ತುಂಬಿಕೊಳ್ತು. ಶಿಷ್ಯರು ಯೇಸುವನ್ನು ಎಬ್ಬಿಸಿ, ನಾವು ಸಾಯ್ತಾ ಇದ್ದೀವಿ, ನಿನಗೆ ಚಿಂತೆ ಇಲ್ವಾ ಅಂತ ಕೇಳಿದರು. ಆ 'ನಾವು' ಯಾರು? ನನ್ನ ಆ ರಾತ್ರಿಯ ಪ್ರಾರ್ಥನೆಯಲ್ಲಿ 'ನಾವು' ಅಂದ್ರೆ ನಾನು, ಹೆಂಡತಿ, ಎರಡು ಮಕ್ಕಳು. ಗೋಡೆ ಆಚೆಗೆ ಆ 'ನಾವು' ಹೋಗಲಿಲ್ಲ.

ಆದರೆ ಯೇಸು ಎದ್ದು ಏನನ್ನು ಗದರಿಸಿದ? ಗಾಳಿಯನ್ನು. ಸಮುದ್ರಕ್ಕೆ ಮಾತಾಡಿದ. ಶಿಷ್ಯರ ದೋಣಿಯ ಸುತ್ತ ನಾಲ್ಕಡಿ ಮಾತ್ರ ಶಾಂತವಾಗು ಅನ್ನಲಿಲ್ಲ. ಸಮುದ್ರವೇ ಶಾಂತವಾಯ್ತು. ಪಕ್ಕದ ದೋಣಿಯಲ್ಲಿ ಇದ್ದವರಿಗೆ ಆತನ ಹೆಸರು ಸರಿಯಾಗಿ ಗೊತ್ತಿತ್ತೋ ಇಲ್ಲವೋ, ಅವರಿಗೂ ಗಾಳಿ ನಿಂತಿತು. ಆಮೆನ್?

ಇನ್ನು ಧರ್ಮೋಪದೇಶಕಾಂಡ 22:8. ಯೌವನಸ್ಥರು ಈ ವಚನಕ್ಕೆ ಗೆರೆ ಹಾಕ್ಕೊಳ್ಳಿ. ಹೊಸ ಮನೆ ಕಟ್ಟಿದ್ರೆ ಮಾಳಿಗೆಯ ಸುತ್ತ ಗೋಡೆ ಕಟ್ಟಬೇಕು, ಯಾರಾದ್ರೂ ಬಿದ್ದು ಸತ್ತರೆ ಆ ದೋಷ ನಿನ್ನ ಮನೆಯ ಮೇಲೆ ಬರುತ್ತೆ ಅಂತ ದೇವರು ಹೇಳ್ತಾರೆ. ನಾನು ಯಾರನ್ನೂ ತಳ್ಳಲಿಲ್ಲ ಅನ್ನೋ ಮಾತು ಅಲ್ಲಿ ನಡೆಯಲ್ಲ. ನಾವು ಹೊಸ ಮನೆಗೆ ಪ್ರತಿಷ್ಠೆಯ ಪ್ರಾರ್ಥನೆ ಮಾಡಿಸ್ತೀವಿ, ಎಣ್ಣೆ ಹಚ್ಚುತ್ತೀವಿ, ಬಾಗಿಲ ಮೇಲೆ ವಾಕ್ಯ ತೂಗುಹಾಕ್ತೀವಿ. ಒಳ್ಳೇದು. ಆದರೆ ಮಾಳಿಗೆಯ ಗೋಡೆ ಬಗ್ಗೆ ಮಾತಾಡಿದ ದೇವರು ಚರಂಡಿ ಬಗ್ಗೆ ಸುಮ್ಮನಿರ್ತಾರೆ ಅಂದುಕೊಂಡಿದ್ದೀರಾ?

ನಮ್ಮ ಜಿಲ್ಲೆಯ ನೀರನ್ನೇ ನೋಡಿ. ಶಿಂಷಾ ನದಿ ನಮ್ಮ ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟಿ, ಗುಬ್ಬಿ ತಾಲೂಕಿನ ಕಡಬ ಕೆರೆಗೆ ಬಂದು, ಅಲ್ಲಿಂದ ಕುಣಿಗಲ್ ತಾಲೂಕಿನ ಮಾರ್ಕೋನಹಳ್ಳಿ ಜಲಾಶಯಕ್ಕೆ ಹೋಗಿ, ಕೊನೆಗೆ ಕಾವೇರಿ ಸೇರುತ್ತೆ. ಕೆರೆ ಕಟ್ಟಿದ ಹಿರಿಯರು ಏರಿ ಹಾಕುವಾಗಲೇ ಕೋಡಿಗೂ ಜಾಗ ಬಿಟ್ಟರು. ನನಗೆ ತುಂಬಿದಮೇಲೆ ಕೆಳಗಿನವನಿಗೆ ಹೋಗಲಿ ಅಂತ. ಕೋಡಿ ಮುಚ್ಚಿದ ಕೆರೆ ಉಳಿಯಲ್ಲ, ಏರಿಯೇ ಒಡೆಯುತ್ತೆ. ಊರಲ್ಲಿ ಅಪ್ಪ ಖುಷಿಪಟ್ಟಿದ್ದು ಕೋಡಿಗೆ ದಾರಿ ಇತ್ತು ಅಂತ. ನಾನು ಇಲ್ಲಿ ಹೆದರಿದ್ದು ದಾರಿಯನ್ನು ನಾನೇ ಮುಚ್ಚಿದ್ದೆ ಅಂತ.

ಅವತ್ತು ಸಂಜೆ ಪಕ್ಕದ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅಣ್ಣ ಒದ್ದೆ ಬಟ್ಟೆಯ ರಾಶಿ ಹಿಂಡ್ತಾ ಇದ್ರು. ತಲೆ ಎತ್ತದೆ ಹೇಳಿದ್ರು: "ಗೊತ್ತಿತ್ತು ಬಿಡಿ. ಹೋದ ವರ್ಷ ನೀವು ಸಿಮೆಂಟ್ ಹಾಕಿಸುವಾಗಲೇ ಹೇಳೋಣ ಅಂದ್ಕೊಂಡ್ವಿ. ನೀವು ಪಾಸ್ಟರು, ನಿಮಗೆ ಹೇಗೆ ಹೇಳೋದು ಅಂತ ಸುಮ್ಮನಾದ್ವಿ."

ಬೈದಿದ್ರೆ ಚೆನ್ನಾಗಿತ್ತು. ಪಾಸ್ಟರ್ ಅನ್ನೋ ಹೆಸರು ಅವರ ಬಾಯಿ ಮುಚ್ಚಿಸಿತ್ತು. ಅದು ಇವತ್ತಿಗೂ ನನ್ನ ಎದೆಯಲ್ಲಿ ಇದೆ. ಹೊಲಿಗೆ ಯಂತ್ರದ ಮೋಟಾರ್ ರಿಪೇರಿ ಮಾಡಿಸಿಕೊಟ್ಟೆ. ಚರಂಡಿ ಮೇಲೆ ಈಗ ಎತ್ತಿ ಇಡಬಹುದಾದ ಕಬ್ಬಿಣದ ಜಾಲರಿ. ಮುಂದಿನ ಭಾನುವಾರ ಇದೇ ಜಾಗದಲ್ಲಿ ನಿಂತು ಸಾಕ್ಷಿಯನ್ನು ವಾಪಸ್ ತೆಗೆದುಕೊಂಡೆ. ಆವತ್ತು ಯಾರೂ ಹಲ್ಲೆಲೂಯ ಅನ್ನಲಿಲ್ಲ, ಆದರೆ ಸಭೆ ಮುಗಿದಮೇಲೆ ಮೂವರು ಬಂದು, "ಅಣ್ಣಾ, ನಮ್ಮ ಮನೆ ಮುಂದೆಯೂ ಹಾಗೇ ಇದೆ" ಅಂದ್ರು.

ಅವರು ಸಭೆಗೆ ಬಂದ್ರಾ ಅಂತ ನೀವು ಕೇಳ್ತೀರಿ. ಬಂದಿಲ್ಲ. ಮಳೆ ಜೋರಾದ್ರೆ ನಮ್ಮ ಮನೆಗೆ ಬರ್ತಾರೆ. ಸದ್ಯಕ್ಕೆ ಕರ್ತನು ನನಗೆ ಕೊಟ್ಟಿರೋದು ಅಷ್ಟು.

ಈ ವಾರ ಮಾಡೋದಕ್ಕೆ ಕೆಲಸ ಕೊಡ್ತೀನಿ. ಒಂದು, ನಿಮ್ಮ ಗೇಟಿನ ಮುಂದಿನ ಚರಂಡಿ ಕಲ್ಲು ಎತ್ತಿ ನೋಡಿ. ಅಪಾರ್ಟ್‌ಮೆಂಟಿನಲ್ಲಿ ಇರೋರು ನಿಮ್ಮ ಕಟ್ಟಡದ ನೀರು ಯಾರ ಕಡೆಗೆ ಹೋಗುತ್ತೆ ಅಂತ ವಿಚಾರಿಸಿ. ಎರಡು, ನಿಮಗಿಂತ ತಗ್ಗಿನಲ್ಲಿ ಇರುವ ಒಂದು ಮನೆಯ ಫೋನ್ ನಂಬರ್ ತಗೊಳ್ಳಿ. ಮಳೆ ರಾತ್ರಿ ಮೊದಲು ಅವರಿಗೆ ಫೋನ್, ಆಮೇಲೆ ಮೊಣಕಾಲು. ಮೂರು, ಚಿಕ್ಕ ಮಕ್ಕಳು ಇರೋರು ಒಂದು ಚೀಲ ಸಿದ್ಧ ಇಡಿ: ಹಾಲಿನ ಪುಡಿ, ಕುದಿಸಿ ಆರಿಸಿದ ನೀರು, ಜ್ವರದ ಔಷಧಿ, ಟಾರ್ಚ್, ಒಣಬಟ್ಟೆ, ದಾಖಲೆಗಳು. ಸಾಧ್ಯವಾದ್ರೆ ಇನ್ನೊಂದು ಮಗುವಿಗೂ ಆಗುವಷ್ಟು. ನೀರು ಒಳಗೆ ಬರುವ ಲಕ್ಷಣ ಕಂಡ ಕೂಡಲೇ, ನೀರು ಮುಟ್ಟೋಕೆ ಮುಂಚೆಯೇ, ಮೇನ್ ಸ್ವಿಚ್ ಆಫ್ ಮಾಡಿ. ನಿಂತ ನೀರಿನಲ್ಲಿ ಮಕ್ಕಳನ್ನು ಆಡೋಕೆ ಬಿಡಬೇಡಿ, ಚರಂಡಿಯ ಕಲ್ಲು ಸರಿದಿರೋದು ಕಾಣಿಸಲ್ಲ.

ಮತ್ತೆ ಸಾಕ್ಷಿ ಹೇಳಿ, ಖಂಡಿತ ಹೇಳಿ. ದೇವರು ಕಾಪಾಡ್ತಾರೆ, ನಾನು ಅದನ್ನು ಇವತ್ತೂ ನಂಬ್ತೀನಿ. ಆದರೆ ಮೈಕ್ ಹಿಡಿಯೋಕೆ ಮುಂಚೆ ಪಕ್ಕದ ಮನೆಯ ನೆಲ ಒಮ್ಮೆ ನೋಡ್ಕೊಂಡು ಬನ್ನಿ.

ಮಗಳ ಪ್ರಶ್ನೆಗೆ ಎರಡು ದಿನ ಆದಮೇಲೆ ಉತ್ತರ ಕೊಟ್ಟೆ. "ಯೇಸಪ್ಪ ಆಂಟಿ ಮನೆಗೆ ಹೋಗೋಕೆ ಅಪ್ಪನನ್ನ ಕರೆದ್ರು ಪುಟ್ಟಾ. ಅಪ್ಪ ಹೋಗಲಿಲ್ಲ. ಅಮ್ಮ ಹೋದ್ರು." ಅವಳು ಸ್ವಲ್ಪ ಹೊತ್ತು ಯೋಚನೆ ಮಾಡಿ, "ಮುಂದಿನ ಸಲ ನಾನೂ ಬರ್ತೀನಿ" ಅಂದಳು.

ಎಲ್ಲರೂ ಎದ್ದು ನಿಲ್ಲೋಣ. ಕಣ್ಣು ಮುಚ್ಚಿ.

ಪರಲೋಕದ ತಂದೆಯೇ, ನಮ್ಮ ಮಕ್ಕಳು ನಿನ್ನ ಕೈಯಲ್ಲಿ ಇದ್ದಾರೆ. ಗೋಡೆಯ ಆಚೆಗಿನ ಮಕ್ಕಳೂ ನಿನ್ನ ಕೈಯಲ್ಲೇ ಇದ್ದಾರೆ. ನಮ್ಮ ಪ್ರಾರ್ಥನೆಯ 'ನಾವು' ಅನ್ನೋದನ್ನು ದೊಡ್ಡದು ಮಾಡು. ನಾವು ಮುಚ್ಚಿದ ದಾರಿಗಳನ್ನು ನಮಗೆ ತೋರಿಸು, ತೆರೆಯೋಕೆ ಧೈರ್ಯ ಕೊಡು. ಈ ಮಳೆಗಾಲದಲ್ಲಿ ಕೂಗುವವರ ಧ್ವನಿ ನಮಗೆ ಕೇಳಿಸಲಿ, ಕೇಳಿಸಿದಾಗ ನಮ್ಮ ಕೈ ಚಿಲಕದ ಮೇಲೆ ಇರಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.