ಮುಳ್ಳು ನಿಂತಾಗ

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ." ಈ ಗಾದೆಯನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವರಿಗೆ ಗಾದೆಯ ವಿಸ್ತರಣೆ ತಪ್ಪಿದ್ದಲ್ಲ. ಮೊದಲು ಗಾದೆಗಳ ಹಿರಿಮೆಯ ಬಗ್ಗೆ ಒಂದು ಸಾಲು, ಆಮೇಲೆ ಅರ್ಥ, ಆಮೇಲೆ ಒಂದು ಉದಾಹರಣೆ, ಕೊನೆಗೆ ನೀತಿ. ಹೀಗೆಂದು ಮಕ್ಕಳಿಗೆ ಅಚ್ಚು ಹಾಕಿಕೊಟ್ಟವಳು ನಾನೇ. ಉದಾಹರಣೆಗೆ ಒಬ್ಬ ಹೊಟ್ಟೆಬಾಕನ ಕಥೆ ಹೇಳುತ್ತಿದ್ದೆ. ಹೇಳುವಾಗ ಹಿಂದಿನ ಬೆಂಚಿನಿಂದ ಕಿಸಕ್ಕೆಂದು ನಗು ಬರುತ್ತಿತ್ತು. ಆಗ ನನ್ನ ತೂಕ 108 ಕಿಲೋ, ಎತ್ತರ ಐದು ಅಡಿ ಒಂದು ಅಂಗುಲ. ಯಾಕೆ ನಗುತ್ತೀರಿ ಎಂದು ಕೇಳುವ ಧೈರ್ಯ ನನಗೆ ಎಂದೂ ಬರಲಿಲ್ಲ.

ನಮ್ಮ ತಿಪಟೂರಿನಂಥ ಊರಿನಲ್ಲಿ ದಪ್ಪಗಿರುವ ಹೆಂಗಸಿಗೆ ಉಪದೇಶದ ಬರವಿಲ್ಲ. ಬಿಸಿನೀರಿಗೆ ಜೇನು, ಮೆಂತ್ಯದ ನೀರು, ಏಕಾದಶಿಯ ಜೊತೆಗೆ ಸೋಮವಾರ ಗುರುವಾರಗಳ ಉಪವಾಸ, ಬೆಳಗಿನ ಐದು ಗಂಟೆಯ ನಡಿಗೆ, ಎಲ್ಲವನ್ನೂ ಮಾಡಿದೆ. ಐದು ಕಿಲೋ ಇಳಿದರೆ ಏಳು ಕಿಲೋ ಏರುತ್ತಿತ್ತು. ಒಂಬತ್ತು ವರ್ಷದ ಸಕ್ಕರೆ ಕಾಯಿಲೆ ಬೇರೆ. ಮೆಟ್ಟಿಲು ಕಂಡರೆ ಮಂಡಿ ಅಳುತ್ತಿತ್ತು. ಕೊನೆಗೆ ಮಗಳು ಹಟ ಹಿಡಿದು, 2022ರ ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನನಗೆ ಜಠರದ ಆಪರೇಷನ್ ಮಾಡಿಸಿದಳು. ಡಾಕ್ಟರು ಅದನ್ನು 'ಸ್ಲೀವ್' ಎಂದರು. ಚೀಲದಂತಿರುವ ಜಠರವನ್ನು ಉದ್ದಕ್ಕೆ ಕತ್ತರಿಸಿ, ಐದರಲ್ಲಿ ಸುಮಾರು ನಾಲ್ಕು ಪಾಲು ತೆಗೆದುಬಿಡುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ಹುಟ್ಟುವುದು ಆ ತೆಗೆದುಹಾಕುವ ಭಾಗದಲ್ಲೇ. ಹಾಗಾಗಿ ಹೊಟ್ಟೆಯ ಜೊತೆಗೆ ಹಸಿವೂ ಚಿಕ್ಕದಾಗುತ್ತದೆ. ಐವತ್ತಮೂರು ವರ್ಷಗಳಲ್ಲಿ ಮೊದಲ ಸಲ ನಾನು ಅರ್ಧ ಇಡ್ಲಿ ತಿಂದು 'ಸಾಕು' ಎಂದೆ. ಆ 'ಸಾಕು' ನನ್ನ ಸಂಯಮದ ಫಲವಾಗಿರಲಿಲ್ಲ, ಡಾಕ್ಟರ ಕತ್ತರಿಯ ಫಲವಾಗಿತ್ತು. ಇದನ್ನು ನಾನು ಬೇಗ ಮರೆತೆ. ನೀವು ಮರೆಯಬೇಡಿ.

ಊರಿಗೆ ಮರಳುವ ಮೊದಲೇ ಮನೆಯಲ್ಲಿ ಒಂದು ಮಾತಾಯಿತು. "ಯಾರಿಗೂ ಹೇಳೋದು ಬೇಡ, ಪಿತ್ತಕೋಶದಲ್ಲಿ ಕಲ್ಲಿತ್ತು ಅಂದ್ಬಿಡು" ಎಂದರು ನಮ್ಮ ಯಜಮಾನರು. ಅಕ್ಕನೂ ಅದನ್ನೇ ಹೇಳಿದಳು: "ಬಾಯಿ ಕಟ್ಟೋಕಾಗ್ದೆ ಹೊಟ್ಟೆ ಕೊಯ್ಸ್ಕೊಂಡ್ಳು ಅಂತ ಆಡ್ಕೋತಾರೆ ಕಣೇ." ನನಗೂ ಸರಿಯೆನಿಸಿತು. ನನ್ನ ಹೊಟ್ಟೆಯ ವಿಚಾರ ನನ್ನದು, ಊರಿಗೇಕೆ?

ಶಾಲೆ ಶುರುವಾಯಿತು. ತಿಂಗಳು ತಿಂಗಳಿಗೂ ರವಿಕೆ ಹಿಡಿಸಬೇಕಾಯಿತು. ಸಹೋದ್ಯೋಗಿಗಳು, ತರಕಾರಿಯವಳು, ದೇವಸ್ಥಾನದಲ್ಲಿ ಸಿಕ್ಕವರು, ಎಲ್ಲರದೂ ಒಂದೇ ಪ್ರಶ್ನೆ: "ಏನ್ ಮೇಡಂ ಗುಟ್ಟು?" ಮೊದಮೊದಲು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಹೊಗಳಿಕೆಯ ರುಚಿ ಹತ್ತಿತು ನೋಡಿ, ಆ ರುಚಿಗೆ ಯಾವ ಆಪರೇಷನ್ನೂ ಇಲ್ಲ. "ಗುಟ್ಟೇನೂ ಇಲ್ಲಪ್ಪ, ಬಾಯಿ ಕಟ್ಟಿದೆ ಅಷ್ಟೆ" ಎನ್ನತೊಡಗಿದೆ. "ಬೆಳಿಗ್ಗೆ ಒಂದು ಲೋಟ ಮಜ್ಜಿಗೆ, ಮಧ್ಯಾಹ್ನ ಏನೂ ಇಲ್ಲ, ರಾತ್ರಿ ಅರ್ಧ ಮುದ್ದೆ, ಒಂದು ಗಂಟೆ ನಡಿಗೆ. ಮನಸ್ಸಿದ್ದರೆ ಮಾರ್ಗ." ಗಾದೆ ಹೇಳುವ ಅಭ್ಯಾಸ ಸುಳ್ಳಿಗೂ ಒದಗಿ ಬಂತು. ಕೇಳುತ್ತಿದ್ದವರಲ್ಲಿ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯಾಕೆಯೂ ಒಬ್ಬಳು. ಹೆಸರು ಬೇಡ. ನಲವತ್ತು ದಾಟಿದವಳು, ನನ್ನಂತೆಯೇ ಸ್ಥೂಲದೇಹ, ನನ್ನಂತೆಯೇ ಸಕ್ಕರೆ ಕಾಯಿಲೆ.

ಡಿಸೆಂಬರಿನಲ್ಲಿ ತೂಕದ ಮುಳ್ಳು 82ಕ್ಕೆ ಬಂದು ನಿಂತಿತು. ನಮ್ಮ ಮನೆಯದು ಹಳೆಯ ಕಾಲದ ಮುಳ್ಳಿನ ಯಂತ್ರ. ಆಪರೇಷನ್ ಆದ ಮೂರನೆಯ ವಾರದಲ್ಲೂ ಒಮ್ಮೆ ಹೀಗೆ ನಿಂತಿತ್ತು. ಆಗ ಆಸ್ಪತ್ರೆಯ ಆಹಾರತಜ್ಞೆ ಸಮಾಧಾನ ಹೇಳಿದ್ದರು. ಯಕೃತ್ತು ಮತ್ತು ಸ್ನಾಯುಗಳಲ್ಲಿ ದೇಹ ಕೂಡಿಟ್ಟ ಒಂದು ಬಗೆಯ ಸಕ್ಕರೆ ಇರುತ್ತದಂತೆ. ಒಂದು ಗ್ರಾಂ ಸಕ್ಕರೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಮೊದಲ ದಿನಗಳಲ್ಲಿ ಅದು ಖರ್ಚಾಗಿ ನೀರೂ ಹೋಗಿ ತೂಕ ಸರಸರ ಇಳಿಯುತ್ತದೆ. ದೇಹ ಮತ್ತೆ ಸ್ವಲ್ಪ ತುಂಬಿಕೊಂಡಾಗ, ಒಳಗೆ ಕೊಬ್ಬು ಕರಗುತ್ತಿದ್ದರೂ ಮುಳ್ಳು ಕದಲುವುದಿಲ್ಲ. ಅದು ಹತ್ತು ದಿನದಲ್ಲಿ ಮುಗಿದಿತ್ತು. ಇದು ಮುಗಿಯಲಿಲ್ಲ. ಸಂಕ್ರಾಂತಿ ಬಂತು, ಎಳ್ಳು ಬೀರಿದ್ದಾಯಿತು, ಮುಳ್ಳು 82ರಲ್ಲೇ ಇತ್ತು.

ದಿನಕ್ಕೆ ಮೂರು ಸಲ ಯಂತ್ರ ಹತ್ತುವಳಾದೆ. ಬಳೆ ತೆಗೆದಿಟ್ಟು ಹತ್ತಿದೆ. ಮಾಂಗಲ್ಯದ ಸರವನ್ನೂ ತೆಗೆದು ಕೈಯಲ್ಲಿ ಹಿಡಿದು ಹತ್ತಿದೆ. ಕೈಯಲ್ಲಿದ್ದರೂ ತೂಕ ಅಷ್ಟೇ ಎಂಬುದು ಬಿಎ, ಬಿಎಡ್ ಓದಿದವಳಿಗೆ ಹೊಳೆಯಲಿಲ್ಲ. ಮೊದಲೇ ಕಡಿಮೆಯಿದ್ದ ಊಟವನ್ನು ಇನ್ನೂ ಕಡಿಮೆ ಮಾಡಿದೆ. ಬೇಳೆ, ಮೊಟ್ಟೆ, ಪನೀರು ಸೇರಿಸಿ ದಿನಕ್ಕೆ 60 ಗ್ರಾಂ ಪ್ರೋಟೀನು ತಪ್ಪಿಸಬೇಡಿ ಎಂದಿದ್ದರು, ಅದನ್ನೂ ಬಿಟ್ಟೆ. ಬಾಚಣಿಗೆಯ ತುಂಬ ಕೂದಲು ಬರತೊಡಗಿತು. ರಾತ್ರಿ ಎಚ್ಚರವಾದಾಗ ಒಂದೇ ಯೋಚನೆ: ನನಗೇ ತಿಳಿಯದಂತೆ ಎಲ್ಲೋ ತಪ್ಪು ಮಾಡುತ್ತಿದ್ದೇನೆ. ಆ ನಾಲ್ಕು ಗೋಡಂಬಿಯೇ? ಮದುವೆಮನೆಯ ಅರ್ಧ ಹೋಳಿಗೆಯೇ?

ಈಗ ಯೋಚಿಸಿದರೆ ಅದರ ಕಾರಣ ಕಾಣುತ್ತದೆ. ತೂಕ ಇಳಿಯುವಾಗ ಅದು ನನ್ನ ಗುಣವೆಂದು ಹೊಗಳಿಕೆಯನ್ನು ಸೆರಗೊಡ್ಡಿ ತೆಗೆದುಕೊಂಡಿದ್ದೆ. ಹಾಗೆ ತೆಗೆದುಕೊಂಡವಳು ತೂಕ ನಿಂತಾಗ ಅದು ನನ್ನ ಅವಗುಣವೆಂದೂ ಒಪ್ಪಲೇಬೇಕಲ್ಲ! ಲಾಭವನ್ನು ನನ್ನ ಖಾತೆಗೆ ಬರೆದುಕೊಂಡು ನಷ್ಟವನ್ನು ಬೇರೆ ಯಾರ ಖಾತೆಗೆ ಬರೆಯಲಿ?

ಜನವರಿಯ ಕೊನೆಗೆ ಮಗಳು ಬಲವಂತವಾಗಿ ತಪಾಸಣೆಗೆ ಕರೆದೊಯ್ದಳು. ಡಾಕ್ಟರು ರಕ್ತದ ವರದಿ ನೋಡಿದರು. ಸಕ್ಕರೆ ಹತೋಟಿಯಲ್ಲಿತ್ತು, ಮಾತ್ರೆ ಆಗಲೇ ನಿಂತಿತ್ತು. ಆದರೆ ಕಬ್ಬಿಣಾಂಶವೂ ಬಿ12 ಕೂಡ ಕುಸಿದಿದ್ದವು. ಮುಳ್ಳಿನ ವಿಷಯ ಹೇಳಿ ಅತ್ತುಬಿಟ್ಟೆ. ಅವರು ಬೈಯಲಿಲ್ಲ. ತೂಕ ಇಳಿದಂತೆ ದೇಹ ತನ್ನ ಖರ್ಚನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ, ಬರಗಾಲ ಬಂತೆಂದು ಕಣಜದ ಬಾಗಿಲು ಬಿಗಿ ಮಾಡುತ್ತದೆ. ಇನ್ನಷ್ಟು ಉಪವಾಸ ಬಿದ್ದರೆ ಸ್ನಾಯು ಕರಗುತ್ತದೆಯೇ ಹೊರತು ಒಳ್ಳೆಯದಾಗದು ಎಂದರು. ಆಮೇಲೆ ಒಂದು ಹಳೆಯ ಪ್ರಯೋಗದ ಕಥೆ ಹೇಳಿದರು. ಮಗಳು ಮನೆಗೆ ಬಂದು ಅದನ್ನು ಹುಡುಕಿ ಓದಿಸಿದಳು.

1944-45ರಲ್ಲಿ, ಮಹಾಯುದ್ಧ ಮುಗಿಯುವ ಹೊತ್ತಿಗೆ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರಿಗೆ ಆರು ತಿಂಗಳು ಅರ್ಧಹೊಟ್ಟೆ ಊಟ ಕೊಟ್ಟು ಪರೀಕ್ಷಿಸಿದರು. ಯುದ್ಧದಿಂದ ಹಸಿದು ಸೊರಗಿದ ಜನರಿಗೆ ಮತ್ತೆ ಹೇಗೆ ಉಣ್ಣಿಸಬೇಕೆಂದು ತಿಳಿಯುವುದು ಉದ್ದೇಶ. ಅವರ ತೂಕ ಸುಮಾರು ಕಾಲುಭಾಗ ಇಳಿಯಿತು. ಜೊತೆಗೆ ಎದೆಬಡಿತ ನಿಧಾನವಾಯಿತು, ಮೈ ತಣ್ಣಗಾಯಿತು, ದೇಹದ ಖರ್ಚು ತೀರ ಕುಗ್ಗಿತು. ಹಗಲಿರುಳೂ ಊಟದ್ದೇ ಧ್ಯಾನ. ಕೆಲವರು ಅಡುಗೆ ಪುಸ್ತಕಗಳನ್ನು ಕೂಡಿಹಾಕತೊಡಗಿದರು! ಇವರು ಯಾರು ಗೊತ್ತೇ? ಕೊಲ್ಲುವುದು ತಮ್ಮ ಆತ್ಮಸಾಕ್ಷಿಗೆ ಒಪ್ಪದೆಂದು ಬಂದೂಕು ಹಿಡಿಯಲು ನಿರಾಕರಿಸಿದವರು. ಅವರ ಮನೋಬಲವನ್ನು ಯಾರು ಪ್ರಶ್ನಿಸಬಲ್ಲರು? ಅಂಥವರ ದೇಹವೇ ತನ್ನ ಕಾನೂನಿನಂತೆ ನಡೆದುಕೊಂಡಿತು.

ಅಂದು ರೈಲಿನಲ್ಲಿ ಹಗುರವಾಗಿ ಊರಿಗೆ ಬಂದೆ. "ನಿನ್ನ ತಪ್ಪಲ್ಲ" ಎಂಬ ಎರಡು ಮಾತಿಗೆ ಎಂಥ ಶಕ್ತಿ! ಆದರೆ ಆ ಮಾತನ್ನು ನಾನು ಒಬ್ಬಳೇ ಇಟ್ಟುಕೊಂಡೆ. ಶಾಲೆಯಲ್ಲಿ ಯಾರಾದರೂ ಕೇಳಿದರೆ ಮತ್ತೆ ಅದೇ ಮಜ್ಜಿಗೆ, ಅದೇ ಅರ್ಧ ಮುದ್ದೆ.

ಅದಾದ ಹತ್ತು ದಿನಕ್ಕೆ, ಮೂರನೆಯ ಪಿರಿಯಡ್ಡಿನಲ್ಲಿ, ಅಡುಗೆಕೋಣೆಯಿಂದ ಕೂಗು ಕೇಳಿಸಿತು. ಓಡಿದೆವು. ಆಕೆ ಕುದಿಯುವ ಸಾರಿನ ಡಬರಿಯಿಂದ ಮಾರು ದೂರದಲ್ಲಿ ಕುಸಿದು ಕೂತಿದ್ದಳು. ಮೈಯೆಲ್ಲ ಬೆವರು, ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಜೊತೆಯವಳು ಹಿಡಿಯದಿದ್ದರೆ ಡಬರಿಯ ಮೇಲೇ ಬೀಳುತ್ತಿದ್ದಳು. ಸಕ್ಕರೆ ನೀರು ಕುಡಿಸಿ ಆಸ್ಪತ್ರೆಗೆ ಕರೆದೊಯ್ದೆವು. ಸಕ್ಕರೆಯ ಮಾತ್ರೆ ನುಂಗಿ ಏನೂ ತಿನ್ನದೆ ಇದ್ದದ್ದರಿಂದ ರಕ್ತದ ಸಕ್ಕರೆ ಇಳಿದುಹೋಗಿತ್ತು. ಬೆಳಿಗ್ಗೆ ಏನು ತಿಂದಿರಿ ಎಂದು ಕೇಳಿದ ಡಾಕ್ಟರಿಗೆ ಆಕೆ ನನ್ನ ಕಡೆ ಕೈ ತೋರಿಸಿದಳು: "ಮೇಡಂ ಹೇಳ್ದಂಗೇ ಮಾಡ್ತಿದ್ದೀನಿ ಸಾ. ಆರು ತಿಂಗ್ಳಾಯ್ತು. ಎರಡು ಕೆಜಿನೂ ಇಳೀಲಿಲ್ಲ. ನನ್ ಬಾಯೇ ಸರಿ ಇಲ್ಲ."

ಇನ್ನೂರು ಮಕ್ಕಳಿಗೆ ಬಡಿಸಿ ತಾನು ಉಣ್ಣದೆ ಮನೆಗೆ ಹೋಗುತ್ತಿದ್ದ ಹೆಂಗಸು ತನ್ನ ಬಾಯನ್ನು ಬೈದುಕೊಳ್ಳುತ್ತಿದ್ದಳು. ನಾನು ರಾತ್ರಿ ಎದ್ದು ಗೋಡಂಬಿ ಎಣಿಸುತ್ತಿದ್ದ ಹಾಗೆಯೇ.

ಮರುದಿನ ಸಂಜೆ ಆಕೆಯ ಮನೆಗೆ ಹೋದೆ. ಯಜಮಾನರಿಗೂ ಹೇಳಲಿಲ್ಲ. ಚಾಪೆಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ: ಕಲ್ಲಲ್ಲ, ಜಠರದ ಆಪರೇಷನ್, ಮೂರೂವರೆ ಲಕ್ಷ ಖರ್ಚು, ಅಷ್ಟಾದರೂ ಈಗ ಎರಡು ತಿಂಗಳಿಂದ ನನ್ನ ತೂಕವೂ ನಿಂತಿದೆ, ಮಜ್ಜಿಗೆಯ ಮಾತೆಲ್ಲ ಸುಳ್ಳು. ಆಕೆ ಬಹಳ ಹೊತ್ತು ಸುಮ್ಮನಿದ್ದಳು. ಬೈಯುತ್ತಾಳೆಂದು ಕಾದೆ. ಆಕೆ ಕೇಳಿದ್ದು ಒಂದೇ: "ಹಂಗಾದ್ರೆ ನನ್ ತಪ್ಪೇನೂ ಇಲ್ವಾ ಮೇಡಂ?"

"ಇಲ್ಲ ಕಣಮ್ಮಾ" ಎಂದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಾಫಿ ಕೊಟ್ಟಳು. ಆದರೆ ಆಮೇಲೆ ಎಷ್ಟೋ ದಿನ ಶಾಲೆಯಲ್ಲಿ ನನ್ನ ಮುಖ ನೋಡಿ ಮಾತಾಡಲಿಲ್ಲ. ಅದು ನ್ಯಾಯವೇ.

ಆ ದಿನಗಳಲ್ಲಿ ನನ್ನನ್ನು ಕಾಡಿದ ಪ್ರಶ್ನೆಯನ್ನು ನಿಮ್ಮ ಮುಂದೆಯೂ ಇಡುತ್ತೇನೆ. ನನ್ನ ದೇಹದ ವಿಷಯವನ್ನು ಊರಿಗೆಲ್ಲ ಹೇಳುವ ಋಣ ನನಗಿದೆಯೇ? ಇಲ್ಲವೆಂದೇ ಈಗಲೂ ಅನ್ನುತ್ತೇನೆ. ಹೆಂಗಸಿನ ಮೈಯ ಲೆಕ್ಕ ಕೇಳುವ ಹಕ್ಕು ಬೀದಿಗಿಲ್ಲ. ಸುಮ್ಮನಿರುವುದು ನನ್ನ ಹಕ್ಕು. ಆದರೆ ಸುಮ್ಮನಿರುವುದು ಬೇರೆ, ಇಲ್ಲದ ದಾರಿಯನ್ನು ಇದೆಯೆಂದು ತೋರಿಸುವುದು ಬೇರೆ. ಮೊದಲನೆಯದು ಬಾಗಿಲು ಹಾಕಿಕೊಂಡ ಹಾಗೆ. ಎರಡನೆಯದು ಇನ್ನೊಬ್ಬರನ್ನು ಹಾಳುಬಾವಿಯ ಕಡೆ ಕಳಿಸಿದ ಹಾಗೆ. ಅದರಲ್ಲೂ ನನ್ನದು ಟೀಚರ್ ಬಾಯಿ. ಅದರಿಂದ ಬಂದದ್ದನ್ನು ಜನ ಪಾಠವೆಂದು ನಂಬುತ್ತಾರೆ.

ಇನ್ನೊಂದು ಪ್ರಶ್ನೆ: ತೂಕವೆಂಬುದು ಶೀಲದ ಅಳತೆಯೇ? ಸರ್ಕಾರದ 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ನಮ್ಮ ದೇಶದ ನಗರ ಪಟ್ಟಣಗಳ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 33 ಮಂದಿಯ ತೂಕ ಹೆಚ್ಚು ಎಂದಿದೆ. ಮೂವರಲ್ಲಿ ಒಬ್ಬಳು. ಇಷ್ಟು ಹೆಂಗಸರೆಲ್ಲ ಒಟ್ಟಿಗೆ ಸಂಯಮಗೆಟ್ಟರೇ? ಪ್ರಯತ್ನ ನಮ್ಮದು, ನಿಜ. ಇಂದಿಗೂ ನಾನು ಪ್ರೋಟೀನಿನ ಲೆಕ್ಕ ಇಡುತ್ತೇನೆ, ವಿಟಮಿನ್ ಮಾತ್ರೆ ಜೀವನಪೂರ್ತಿ ತಪ್ಪಿಸುವ ಹಾಗಿಲ್ಲ, ನಡೆಯುತ್ತೇನೆ. ಅದು ನನ್ನ ಕೆಲಸ. ಮುಳ್ಳು ಎಲ್ಲಿ ನಿಲ್ಲಬೇಕೆಂಬುದು ಪೂರ್ತಿ ನನ್ನ ಕೈಯಲ್ಲಿಲ್ಲ. ನಿಂತ ಮುಳ್ಳಿನ ಮುಂದೆ ಕೂತಾಗಲೇ ಈ ಎರಡನ್ನೂ ಬಿಡಿಸಿ ನೋಡಲು ಕಲಿತೆ.

ಆಮೇಲೆ ನನ್ನ ಮಾರ್ಕ್ಸ್ ಕಾರ್ಡುಗಳು ನೆನಪಾದವು. ವರ್ಷವಿಡೀ 35ರ ಹತ್ತಿರವೇ ನಿಂತ ಎಷ್ಟು ಮಕ್ಕಳ ಕಾರ್ಡಿನಲ್ಲಿ ಕೆಂಪು ಶಾಯಿಯಿಂದ 'ಪ್ರಯತ್ನ ಸಾಲದು' ಎಂದು ಬರೆದಿದ್ದೇನೆ! ಅವರ ಪ್ರಯತ್ನವನ್ನು ನಾನು ಯಾವ ತಕ್ಕಡಿಯಲ್ಲಿ ತೂಗಿದ್ದೆ? ಈಗ ಹಾಗೆ ಬರೆಯುವ ಮೊದಲು ಮಗುವನ್ನು ಕರೆದು ಮನೆಯಲ್ಲಿ ಓದಲು ದೀಪ ಉಂಟೇ, ಜಾಗ ಉಂಟೇ ಎಂದು ಕೇಳುತ್ತೇನೆ.

2023ರ ಮಾರ್ಚಿನಲ್ಲಿ ಮುಳ್ಳು ಮತ್ತೆ ಕದಲಿತು. 79ಕ್ಕೆ ಬಂದು ನಿಂತಿತು. ನಾನು ಕನಸು ಕಂಡಿದ್ದ 65 ಬರಲೇ ಇಲ್ಲ. ಮಂಡಿ ಮೆಟ್ಟಿಲು ಹತ್ತುತ್ತದೆ, ಸಾಕು. ಈ 'ಸಾಕು' ಕತ್ತರಿಯದಲ್ಲ, ನನ್ನದು. ಯಂತ್ರವನ್ನು ತಿಂಗಳ ಮೊದಲ ಭಾನುವಾರ ಮಾತ್ರ ಹೊರಗೆ ತೆಗೆಯುತ್ತೇನೆ. ಅಡುಗೆಯಾಕೆಯನ್ನು ಸರ್ಕಾರಿ ಆಸ್ಪತ್ರೆಯ ಡಾಕ್ಟರ ಬಳಿಗೆ ನಾನೇ ಕರೆದೊಯ್ದು ಮಾತ್ರೆ, ಊಟದ ಹೊತ್ತು ಎರಡನ್ನೂ ಹೊಂದಿಸಿಕೊಟ್ಟದ್ದಾಯಿತು. ಆಕೆಯ ತೂಕ ಇಳಿದಿಲ್ಲ. ಆದರೆ ಮಧ್ಯಾಹ್ನ ಮಕ್ಕಳ ಜೊತೆ ಕೂತು ಉಣ್ಣುತ್ತಾಳೆ.

ಈ ವರ್ಷವೂ ಅದೇ ಗಾದೆಯನ್ನು ಹಲಗೆಯ ಮೇಲೆ ಬರೆದೆ. ಹೊಟ್ಟೆಬಾಕನ ಕಥೆ ಹೇಳಲಿಲ್ಲ. "ಉದಾಹರಣೆ ಯಾವ್ದು ಬರೀಬೇಕು ಮಿಸ್?" ಎಂದು ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು. ಗಾದೆಯ ಮೊದಲ ಅರ್ಧಕ್ಕೆ ನನ್ನ ಬಳಿ ಉದಾಹರಣೆ ಇಲ್ಲ, ಎರಡನೆಯ ಅರ್ಧಕ್ಕೆ ಇದೆ ಎಂದು ಹೇಳಿ, ಸೀಮೆಸುಣ್ಣ ಕೆಳಗಿಟ್ಟು, ನಾನು ಹೇಳಿದ ಸುಳ್ಳಿನ ಕಥೆ ಶುರು ಮಾಡಿದೆ. ಯಾರೂ ನಗಲಿಲ್ಲ.