ಬಯಲಲ್ಲಿ ಆಡುವುದೂ ಶರೀರದ ಹಕ್ಕು

ಅಸರ್ ನಮಾಝ್ ಮುಗಿದ ಮೇಲೆ ನಮ್ಮ ಮೊಹಲ್ಲಾಗಳಲ್ಲಿ ಒಮ್ಮೆ ಸುತ್ತಾಡಿ ಬನ್ನಿರಿ. ಚಿತ್ರದುರ್ಗವಿರಲಿ, ಹಿರಿಯೂರಿರಲಿ, ಹೊಸದುರ್ಗ, ಹೊಳಲ್ಕೆರೆಗಳಿರಲಿ, ಹಿಂದೆ ಅದು ಲಗೋರಿ, ಚಿನ್ನಿದಾಂಡು, ಬುಗುರಿಗಳ ಹೊತ್ತು. ಇಂದು ಅನೇಕ ಮನೆಗಳಲ್ಲಿ ಹುಡುಗ ಮೊಬೈಲ್ ಹಿಡಿದು ಮೂಲೆ ಸೇರಿದ್ದಾನೆ. ಹುಡುಗಿಗೆ ಹೊಸ್ತಿಲು ದಾಟಲು ಅಪ್ಪಣೆಯಿಲ್ಲ. ತಾಯಿಗೆ ಅಡುಗೆಮನೆಯೇ ಲೋಕ. ಸಕ್ಕರೆ ಕಾಯಿಲೆಯ ದಾದಾ ಮಂಚ ಬಿಟ್ಟು ಏಳುವುದಿಲ್ಲ. ಇಷ್ಟಾದರೂ "ಆಟವೆಂದರೆ ಕಾಲಹರಣ, ದೀನ್‌ದಾರರಿಗೆ ಅದು ತಕ್ಕುದಲ್ಲ" ಎಂದು ಹೇಳುವವರು ನಮ್ಮಲ್ಲಿದ್ದಾರೆ. ಈ ಮಾತು ಸರಿಯೇ?

ಅಬ್ದುಲ್ಲಾ ಬಿನ್ ಅಮ್ರ್(ರ) ಎಂಬ ಯುವ ಸಹಾಬಿ ದಿನವೂ ಉಪವಾಸ ಹಿಡಿದು, ರಾತ್ರಿಯಿಡೀ ನಮಾಝ್‌ನಲ್ಲಿ ನಿಲ್ಲುತ್ತಿದ್ದರು. ಇದನ್ನು ತಿಳಿದ ಪ್ರವಾದಿವರ್ಯರು(ಸ) ಅವರನ್ನು ತಡೆದು, ಶರೀರಕ್ಕೂ ಕಣ್ಣಿಗೂ ಪತ್ನಿಗೂ ನಿನ್ನ ಮೇಲೆ ಹಕ್ಕಿದೆ ಎಂದು ತಿಳಿಸಿದರು. ಹಕ್ಕು ಎಂದರೆ ಮನಸ್ಸು ಬಂದಾಗ ಕೊಡುವ ದಾನವಲ್ಲ, ತೀರಿಸಲೇಬೇಕಾದ ಬಾಧ್ಯತೆ. ಶರೀರವು ಅಲ್ಲಾಹನು ಕೊಟ್ಟ ಅಮಾನತ್ತು. ಅದನ್ನು ಕೂತಲ್ಲೇ ಕೊಳೆಯಬಿಟ್ಟರೆ ಉತ್ತರ ಕೊಡಬೇಕಾದವರು ನಾವೇ.

ಆಟ ಮಕ್ಕಳಿಗೆ ಮಾತ್ರ ಎಂದು ಭಾವಿಸುವವರು ಪ್ರವಾದಿವರ್ಯರ(ಸ) ಗೃಹಜೀವನವನ್ನು ನೋಡಲಿ. ಒಂದು ಪ್ರಯಾಣದಲ್ಲಿ ಅವರು ಸಂಗಡಿಗರನ್ನು ಮುಂದೆ ಕಳುಹಿಸಿ, ಹ. ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಹೂಡಿದರು. ಆಯಿಶಾ(ರ) ಗೆದ್ದರು. ಕೆಲವು ಕಾಲದ ಬಳಿಕ, ಅವರ ಮೈ ತುಂಬಿಕೊಂಡಿದ್ದಾಗ ಮತ್ತೆ ಓಡಿದರು. ಈ ಸಲ ಪ್ರವಾದಿವರ್ಯರು(ಸ) ಗೆದ್ದು, ಅಂದಿನ ಲೆಕ್ಕ ಇಂದಿಗೆ ಸರಿಹೋಯಿತೆಂದು ತಮಾಷೆ ಮಾಡಿದರು. ಒಂದು ಸಮುದಾಯದ ಭಾರ ಹೊತ್ತವರಿಗೆ ಪತ್ನಿಯೊಡನೆ ಓಡಲು ಬಿಡುವಿತ್ತು. ಅಂಗಡಿ, ಗ್ಯಾರೇಜು, ಕಚೇರಿ ನಡೆಸುವ ನಮಗಿಲ್ಲವೇ?

ಹೆಣ್ಣುಮಕ್ಕಳ ವಿಷಯ ಇನ್ನೂ ಗಂಭೀರ. ಒಂದು ಈದ್‌ನಂದು ಅಬಿಸೀನಿಯದವರು ಮಸೀದಿಯಲ್ಲೇ ಈಟಿಗಳ ಆಟ ಆಡುತ್ತಿದ್ದರು. ಪ್ರವಾದಿವರ್ಯರು(ಸ) ಆಯಿಶಾ(ರ)ರನ್ನು ತಮ್ಮ ಹಿಂದೆ ನಿಲ್ಲಿಸಿಕೊಂಡು ಆಟ ತೋರಿಸಿದರು. ಎಷ್ಟು ಹೊತ್ತು? ಆಯಿಶಾ(ರ)ರಿಗೇ ಸಾಕೆನಿಸುವವರೆಗೆ. ಎಳೆಯ ಹುಡುಗಿಗೆ ಆಟದ ಮೇಲೆ ಎಷ್ಟು ಆಸೆ ಇರುತ್ತದೆಂಬುದನ್ನು ನೀವೇ ಅಂದಾಜು ಮಾಡಿರಿ ಎಂದು ಮುಂದೆ ಅವರೇ ಜನರಿಗೆ ಹೇಳಿದರು. ಇದು ಬುಖಾರಿ, ಮುಸ್ಲಿಮ್‌ಗಳಲ್ಲಿರುವ ವರದಿ. ಸಾಕು ಎನ್ನುವ ಮಾತನ್ನು ಅಲ್ಲಿ ಹುಡುಗಿಗೆ ಬಿಡಲಾಗಿತ್ತು. ನಮ್ಮಲ್ಲಾದರೋ ಮಗಳಿಗೆ ಹನ್ನೆರಡು ತುಂಬುವ ಮೊದಲೇ ನಾವೇ "ಸಾಕು" ಎಂದು ಬಾಗಿಲು ಮುಚ್ಚುತ್ತೇವೆ. ಪರ್ದಾ ಉಡುಪಿಗೂ ನಡತೆಗೂ ಮರ್ಯಾದೆಯನ್ನು ಗೊತ್ತುಪಡಿಸುತ್ತದೆಯೇ ಹೊರತು ಬಿಸಿಲು ಗಾಳಿಯನ್ನು ಕಿತ್ತುಕೊಳ್ಳುವುದಿಲ್ಲ. ಮದ್ರಸದ ಅಂಗಳದಲ್ಲಿ, ಶಾಲೆಯ ಆವರಣದಲ್ಲಿ ಹೆಣ್ಣುಮಕ್ಕಳಿಗೆ ಕುಂಟೆಬಿಲ್ಲೆ, ಹಗ್ಗದಾಟ, ಖೋ ಖೋಗಳಿಗೆ ಪ್ರತ್ಯೇಕ ಸಮಯ ಗೊತ್ತುಮಾಡುವುದು ಜಮಾಅತಿಗೆ ದೊಡ್ಡ ಕೆಲಸವೇನಲ್ಲ.

ಇಂದಿನ ವೈದ್ಯಶಾಸ್ತ್ರವೂ ಇದನ್ನೇ ಒತ್ತಿ ಹೇಳುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯಂತೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ, ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬೆವರುವ ಚಟುವಟಿಕೆ ಬೇಕು. 65 ದಾಟಿದವರಿಗೂ ವಿನಾಯಿತಿಯಿಲ್ಲ. ಜಾರಿ ಬೀಳದಂತೆ ಕಾಲಿಗೆ ಹಿಡಿತ ಕೊಡುವ ಅಭ್ಯಾಸವೂ ಅವರಿಗೆ ಅಗತ್ಯ. ಚೀನಾದ ಗುವಾಂಗ್‌ಝೌನಲ್ಲಿ ಶಾಲಾಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟು ಮೂರು ವರ್ಷ ಪರೀಕ್ಷಿಸಿದಾಗ, ದೂರದೃಷ್ಟಿ ಮಂಜಾಗಿ ಕನ್ನಡಕ ಹಾಕಬೇಕಾಗುವ ದೋಷ ಅವರಲ್ಲಿ ಕಡಿಮೆ ಕಂಡುಬಂದಿತು. 2015ರಲ್ಲಿ ಇದು ಪ್ರಕಟವಾಯಿತು. ಕಣ್ಣಿಗೂ ಹಕ್ಕಿದೆ ಎಂಬ ಪ್ರವಾದಿ ವಚನ ಇಲ್ಲಿ ನೆನಪಿಗೆ ಬರುವುದಿಲ್ಲವೇ?

ನಮ್ಮ ಜಿಲ್ಲೆಗೆ ಅಲ್ಲಾಹನು ಮಳೆ ಕಡಿಮೆ ಕೊಟ್ಟಿದ್ದಾನೆ, ಬಯಲು ಧಾರಾಳವಾಗಿ ಕೊಟ್ಟಿದ್ದಾನೆ. ದುರ್ಗದ ಏಳು ಸುತ್ತಿನ ಕೋಟೆ, ಚಂದ್ರವಳ್ಳಿ, ಜೋಗಿಮಟ್ಟಿಯ ಏರು ಇವೆ. ಹಿರಿಯೂರಿನ ಬಳಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರವಿದೆ. 1933ರಲ್ಲಿ ಕೋಡಿ ಬಿದ್ದ ಈ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆಗ ಊರೂರಿನ ಜನ ಮನೆಮಂದಿಯೊಂದಿಗೆ ಅದನ್ನು ನೋಡಲು ಹೋದರು. ಆದರೆ ಬಯಲಿಗೆ ಹೋಗಲು ಕೋಡಿ ಬೀಳುವವರೆಗೆ ಕಾಯಬೇಕಾಗಿಲ್ಲ. ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಹೊಲ, ಬತ್ತಿದ ಕೆರೆಯಂಗಳ ಸಾಕು. ಬೇಸಿಗೆಯಲ್ಲಿ ಫಜ್ರ್‌ನ ನಂತರ, ಉಳಿದ ಕಾಲದಲ್ಲಿ ಅಸರ್‌ನ ನಂತರ ಒಳ್ಳೆಯ ಹೊತ್ತು.

ಆದರೆ ಆಟಕ್ಕೆ ಎಲ್ಲೆಯೂ ಇದೆ. ಪವಿತ್ರ ಕುರ್‌ಆನಿನ ಯೂಸುಫ್ ಅಧ್ಯಾಯವನ್ನು ನೋಡಿರಿ. ಯೂಸುಫ್(ಅ)ರನ್ನು ಆಡಲು ಕಳುಹಿಸೆಂದು ಅಣ್ಣಂದಿರು ಕೇಳಿದಾಗ ತಂದೆ ಯಅ್‌ಕೂಬ್(ಅ) ಆಟ ಕೆಟ್ಟದ್ದೆನ್ನಲಿಲ್ಲ. ನೀವು ಮೈಮರೆತಾಗ ತೋಳ ತಿಂದೀತೆಂಬ ಭಯವನ್ನು ಹೇಳಿದರು. ಇಂದಿನ ತೋಳಗಳು ಬೇರೆ: ಹಿರಿಯೂರು, ಚಿತ್ರದುರ್ಗಗಳ ಮೂಲಕ ಸಾಗುವ ಹೆದ್ದಾರಿ, ಮಳೆಗೆ ತುಂಬಿದ ಕೃಷಿಹೊಂಡ, ಕಲ್ಲು ಕಿತ್ತು ಬಿಟ್ಟ ಗುಂಡಿ. ಆದ್ದರಿಂದ ಮಕ್ಕಳನ್ನು ಕಳುಹಿಸಿದರೆ ಸಾಲದು, ದೊಡ್ಡವರೊಬ್ಬರು ಜೊತೆಗಿರಬೇಕು. ಅಝಾನ್ ಆದಾಗ ಆಟ ನಿಲ್ಲಬೇಕು. ಹಣ ಕಟ್ಟಿ ಆಡಿದರೆ, ಗೋಲಿಯಾಗಲಿ ಕ್ರಿಕೆಟ್ ಆಗಲಿ, ಅದು ಜೂಜು. ಬೈಗುಳಕ್ಕೆ, ಪ್ರಾಣಿಹಿಂಸೆಗೆ ಅಲ್ಲಿ ಸ್ಥಳವಿಲ್ಲ.

ಇನ್ನೊಂದು ಮಾತು. ಬಿಲ್ಲುಗಾರಿಕೆಯ ಸ್ಪರ್ಧೆಯಲ್ಲಿ ಪ್ರವಾದಿವರ್ಯರು(ಸ) ಒಂದು ಪಕ್ಷವನ್ನು ಸೇರಿದಾಗ ಇನ್ನೊಂದು ಪಕ್ಷದವರು ಕೈಕಟ್ಟಿ ನಿಂತರು. ತಾವು ಎಲ್ಲರ ಜೊತೆಗೂ ಇರುವುದಾಗಿ ಹೇಳಿ ಅವರು ಆಟವನ್ನು ಮುಂದುವರಿಸಿದರು. ಹಿರಿಯರು ಬಯಲಿಗೆ ಬಂದರೆ ಹೀಗೆ ಬರಬೇಕು. ಗೆದ್ದವನನ್ನೂ ಸೋತವನನ್ನೂ, ಪಕ್ಕದ ಬೀದಿಯ ಬೇರೆ ಧರ್ಮದ ಮಕ್ಕಳನ್ನೂ ತಮ್ಮವರೆಂದು ಕಾಣಬೇಕು.

ತಂದೆತಾಯಂದಿರೇ, ಮಗನ ಕೈಯಿಂದ ಮೊಬೈಲ್ ಕಸಿಯುವುದು ಸುಲಭ. ಅದರ ಬದಲಿಗೆ ನಮ್ಮ ಅರ್ಧ ಗಂಟೆಯನ್ನು ಕೊಡುವುದು ಕಷ್ಟ. ಕೊಡಬೇಕಾದದ್ದು ಅದನ್ನೇ. ಈ ವಾರವೇ ಒಂದು ದಿನ ಮಗನನ್ನೂ ಮಗಳನ್ನೂ ಬಯಲಿಗೆ ಕರೆದೊಯ್ಯಿರಿ. ದಾದಾ ದಾದಿಯರ ಕೈ ಹಿಡಿದು ನಡೆಸಿರಿ. ಅವರು "ಸಾಕು" ಎನ್ನುವವರೆಗೆ ಜೊತೆಗಿರಿ.

ಅಲ್ಲಾಹನು ನಮಗೆ ಆರೋಗ್ಯವನ್ನೂ, ಹಕ್ಕುದಾರರ ಹಕ್ಕು ತೀರಿಸುವ ಮನಸ್ಸನ್ನೂ ದಯಪಾಲಿಸಲಿ. ಆಮೀನ್.